ಯಂತ್ರಕ್ಕೆ ಪೂರ್ತಿ ಅಂಕ, ಬೋರಿಗೆ ಕಾಗದ ನೋಡಿದ ಮೇಲೆ: ದೊಡ್ಡ ಕಟ್ಟಡಗಳ ಭೂಉಷ್ಣ ಹೀಟ್ ಪಂಪ್

ಆಸ್ಪತ್ರೆಯಾಗಲಿ, ಕಾಲೇಜಾಗಲಿ, ಕಚೇರಿಯಾಗಲಿ, ಭೂಉಷ್ಣ ಹೀಟ್ ಪಂಪ್ ಹಾಕಿಸಿದರೆ ಕೊಟ್ಟ ದುಡ್ಡಿನ ದೊಡ್ಡ ಪಾಲು ಮಣ್ಣಿನಡಿ ಹೋಗುತ್ತದೆ. ಮೇಲಿನ ಯಂತ್ರ ಕೆಟ್ಟರೆ ಬಿಚ್ಚಿ ಬೇರೆ ಕೂರಿಸಬಹುದು. ನೂರು ಮೀಟರ್ ಆಳಕ್ಕೆ ಇಳಿದ ಕೊಳವೆ, ಅದರ ಸುತ್ತ ತುಂಬಿದ ಗ್ರೌಟ್ ಎಂಬ ಗಾರೆ, ಬೋರಿನಿಂದ ಬೋರಿಗೆ ಬಿಟ್ಟ ಅಂತರ, ಇವನ್ನು ಆಮೇಲೆ ತಿದ್ದಲು ಆಗದು. ಆದರೂ ಮಾರುವವರ ಕರಪತ್ರದಲ್ಲಿ ಪುಟಪುಟವೂ ಯಂತ್ರದ ವರ್ಣನೆಯೇ. ಇಲ್ಲಿ ಅದನ್ನು ತಿರುವಿ ಹಾಕಿದ್ದೇವೆ: ಯಂತ್ರದ ಮಾತು ಕಡಿಮೆ, ನೆಲದ ಮಾತು ಹೆಚ್ಚು.

ಇದು ಬಿಸಿನೀರ ಬುಗ್ಗೆಯಿಂದ ವಿದ್ಯುತ್ ತೆಗೆಯುವ ಬಾಬತ್ತಲ್ಲ. ನೆಲದಲ್ಲಿ ಸುಮಾರು ಹತ್ತು ಮೀಟರ್ ಕೆಳಗೆ ಹೋದರೆ ಬೇಸಿಗೆ-ಚಳಿಗಾಲದ ಏರುಪೇರು ಮುಟ್ಟುವುದಿಲ್ಲ. ಅಲ್ಲಿನ ಉಷ್ಣತೆ ಆ ಜಾಗದ ವಾರ್ಷಿಕ ಸರಾಸರಿಯ ಆಸುಪಾಸಿನಲ್ಲೇ ನಿಂತಿರುತ್ತದೆ. ಬೋರಿಗೆ ಇಳಿಸಿದ ಕೊಳವೆಯ ಸುತ್ತಿನಲ್ಲಿ (ಇದೇ ಲೂಪ್) ನೀರು ಹರಿಸಿ, ಚಳಿಗಾಲದಲ್ಲಿ ಅಲ್ಲಿಂದ ಶಾಖ ಎತ್ತಿ ಕಟ್ಟಡಕ್ಕೆ ಕೊಡುವುದು, ಬೇಸಿಗೆಯಲ್ಲಿ ಕಟ್ಟಡದ ಶಾಖವನ್ನು ಅಲ್ಲಿಗೆ ಇಳಿಸುವುದು, ಇಷ್ಟೇ ಕೆಲಸ. ಚೆನ್ನಾಗಿ ಹಾಕಿದ ವ್ಯವಸ್ಥೆಯಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಮೂರೂವರೆಯಿಂದ ನಾಲ್ಕೂವರೆ ಯೂನಿಟ್ ಶಾಖ ಸಿಗುತ್ತದೆ. ಹೊಸ ಪ್ರಯೋಗ ಎಂದು ಹೆದರುವವರಿಗೆ: ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಇಕ್ವಿಟೆಬಲ್ ಕಟ್ಟಡ, ಅಂದರೆ ಈಗಿನ ಕಾಮನ್‌ವೆಲ್ತ್ ಕಟ್ಟಡ, 1948ರಲ್ಲೇ ಬಾವಿನೀರಿನ ಹೀಟ್ ಪಂಪ್ ನಂಬಿ ತೆರೆದ ಬಹುಮಹಡಿ ಕಚೇರಿ. ದೊಡ್ಡದಾಗಲು ಸಾಧ್ಯವೇ ಎನ್ನುವವರಿಗೆ: ಇಂಡಿಯಾನಾದ ಬಾಲ್ ಸ್ಟೇಟ್ ವಿಶ್ವವಿದ್ಯಾಲಯ 2009ರಲ್ಲಿ ಕೆಲಸ ಶುರು ಮಾಡಿ ಸುಮಾರು 3,600 ಬೋರ್ ಕೊರೆಸಿ, ನಾಲ್ಕು ಕಲ್ಲಿದ್ದಲು ಬಾಯ್ಲರ್‌ಗಳಿಗೆ ವಿದಾಯ ಹೇಳಿತು.

ಮೊದಲು ಲೆಕ್ಕ

ಮಾರಾಟಗಾರ ಬಾಯಲ್ಲಿ ಹೇಳುವ ಅಂದಾಜು ಒಂದೇ ಸಾಲಿನದ್ದು: ‘ಟನ್ನಿಗೆ ಇಷ್ಟು ಮೀಟರ್ ಬೋರ್.’ ಜಾಗ ಸಾಕೇ ಬೇಕೇ ಎಂದು ನೋಡಲು ಅದು ಸಾಕು, ಟೆಂಡರ್ ಕರೆಯಲು ಸಾಲದು. 100 ಟನ್ ತಂಪು ಬೇಕಾದ ಕಟ್ಟಡ ಎಂದುಕೊಳ್ಳಿ. ಅದು 352 ಕಿಲೋವ್ಯಾಟ್. ಕಂಪ್ರೆಸರ್ ತಿನ್ನುವ ವಿದ್ಯುತ್ತೂ ಕೊನೆಗೆ ಶಾಖವಾಗಿ ನೆಲಕ್ಕೇ ಹೋಗುವುದರಿಂದ ಬೋರ್‌ಗಳು ಹೊರಬೇಕಾದ್ದು ಹೆಚ್ಚುಕಡಿಮೆ 430 ಕಿಲೋವ್ಯಾಟ್. ಮೀಟರಿಗೆ 50 ವ್ಯಾಟ್ ಹಿಡಿದರೆ 8,600 ಮೀಟರ್, ಅಂದರೆ ನೂರು ಮೀಟರಿನ 86 ಬೋರ್. ಬೋರಿನಿಂದ ಬೋರಿಗೆ ಆರು ಮೀಟರ್ ಬಿಟ್ಟರೆ ಸುಮಾರು 3,100 ಚದರ ಮೀಟರ್ ಜಾಗ. ಪಾರ್ಕಿಂಗ್ ಕೆಳಗೆ, ಆಟದ ಮೈದಾನದ ಕೆಳಗೆ ಹಾಕಬಹುದು, ಮೇಲಿನ ಬಳಕೆಗೆ ಅಡ್ಡಿಯಿಲ್ಲ. ಆದರೆ ಆ 50 ವ್ಯಾಟ್ ಎನ್ನುವುದು ಕಲ್ಪಿತ ಅಂಕಿ. ಒಣ ಮರಳಾದರೆ ಅದರ ಅರ್ಧವೂ ಬರಲಿಕ್ಕಿಲ್ಲ, ನೀರು ತುಂಬಿದ ಗಟ್ಟಿ ಬಂಡೆಯಾದರೆ ಮೀರಲೂಬಹುದು. ಜಾಗ ಸಾಲದೆಂದು ಆರು ಮೀಟರ್ ಅಂತರವನ್ನು ನಾಲ್ಕಕ್ಕೆ ಇಳಿಸಿದ ನಕ್ಷೆ ಕೈಗೆ ಬಂದರೆ ಅಲ್ಲೇ ನಿಲ್ಲಿಸಿ. ಅಕ್ಕಪಕ್ಕದ ಬೋರ್‌ಗಳು ಒಂದರ ಶಾಖ ಒಂದು ಕಸಿಯಲು ಶುರು ಮಾಡುತ್ತವೆ, ಅದು ಗೊತ್ತಾಗುವುದು ನಾಲ್ಕೈದು ವರ್ಷ ಕಳೆದ ಮೇಲೆ.

ಆ ಕಲ್ಪಿತ ಅಂಕಿಗೆ ಬದಲು ನಿಜದ ಅಂಕಿ ಕೊಡುವುದು ಥರ್ಮಲ್ ರೆಸ್ಪಾನ್ಸ್ ಟೆಸ್ಟ್. ಇದನ್ನು ಬಿಟ್ಟು ವಿನ್ಯಾಸ ಮಾಡಿಕೊಡುತ್ತೇವೆ ಎನ್ನುವವರನ್ನು ನಾವಂತೂ ಬಾಗಿಲಲ್ಲೇ ತಿರುಗಿಸಿ ಕಳಿಸುತ್ತೇವೆ. ಒಂದು ಬೋರನ್ನು ಅಸಲಿ ಬೋರಿನ ಹಾಗೆಯೇ ಪೂರ್ತಿ ಮಾಡಿ, ಗ್ರೌಟ್ ತುಂಬಿ, ನೆಲ ಮತ್ತೆ ತನ್ನ ಉಷ್ಣತೆಗೆ ಮರಳಲು ಮೂರರಿಂದ ಐದು ದಿನ ಬಿಡಬೇಕು. ಆಮೇಲೆ ಕೊಳವೆಯಲ್ಲಿ ನೀರು ಸುತ್ತಿಸಿ, ಮೀಟರಿಗೆ 50ರಿಂದ 80 ವ್ಯಾಟ್ ಲೆಕ್ಕದಲ್ಲಿ, ಅಂದರೆ ನೂರು ಮೀಟರಿಗೆ 5ರಿಂದ 8 ಕಿಲೋವ್ಯಾಟ್ ಹೀಟರ್ ಹಾಕಿ, 36ರಿಂದ 48 ಗಂಟೆ ಒಂದೇ ಸಮ ಕಾಯಿಸಬೇಕು. ಹೋಗುವ ನೀರು, ಬರುವ ನೀರು ಎರಡರ ಉಷ್ಣತೆಯನ್ನೂ ದಾಖಲಿಸುತ್ತಾ ಹೋಗಬೇಕು. ಸರಾಸರಿ ಉಷ್ಣತೆಯನ್ನು ಸಮಯದ ನ್ಯಾಚುರಲ್ ಲಾಗರಿದಮ್‌ಗೆ ಎದುರಿಟ್ಟು ಗೆರೆ ಎಳೆದರೆ, ಮೊದಲ ಹತ್ತು-ಹನ್ನೆರಡು ಗಂಟೆಯ ಡೊಂಕು ಕಳೆದು ನೇರ ಗೆರೆ ಬರುತ್ತದೆ. ಅದರ ಇಳಿಜಾರಿನಲ್ಲೇ ನೆಲದ ಶಾಖವಾಹಕತೆ ಅಡಗಿದೆ. ಮೀಟರಿಗೆ 60 ವ್ಯಾಟ್ ಕೊಟ್ಟು ಇಳಿಜಾರು 2 ಡಿಗ್ರಿ ಬಂದರೆ, 60ನ್ನು 4π ಮತ್ತು 2ರ ಗುಣಲಬ್ಧದಿಂದ ಭಾಗಿಸಿ: ಸುಮಾರು 2.4, ಅಂದರೆ ಒಂದು ಡಿಗ್ರಿಗೆ ಮೀಟರಿಗೆ ಅಷ್ಟು ವ್ಯಾಟ್. ಒದ್ದೆ ಮರಳಿಗೋ ಸುಣ್ಣದಕಲ್ಲಿಗೋ ಒಪ್ಪುವ ಅಂಕಿ ಅದು.

ಈ ಪರೀಕ್ಷೆ ಕೆಡುವುದು ಬಹುಪಾಲು ಒಂದೇ ಕಾರಣಕ್ಕೆ, ಜನರೇಟರ್. ವಿದ್ಯುತ್ ಏರಿಳಿದರೆ ಗೆರೆ ಅಲೆಅಲೆಯಾಗಿ ಬರುತ್ತದೆ, ಇಳಿಜಾರನ್ನು ಎಲ್ಲಿ ಬೇಕಾದರೂ ಎಳೆಯಬಹುದು. ಡೀಸೆಲ್ ಮುಗಿದು ನಡುವೆ ನಿಂತರಂತೂ ಅಷ್ಟೂ ವ್ಯರ್ಥ. ಕಾದ ನೆಲ ಆರಲು ಹತ್ತು-ಹನ್ನೆರಡು ದಿನ ಬಿಟ್ಟು ಮೊದಲಿನಿಂದ ಮಾಡಬೇಕು. ಹಾಗೆ ಮಾಡದೆ ಎರಡು ತುಂಡು ಜೋಡಿಸಿ ವರದಿ ಕೊಡುವವರಿದ್ದಾರೆ, ಆದ್ದರಿಂದ ವರದಿಯ ಜೊತೆ ಮೂಲ ದತ್ತಾಂಶದ ಫೈಲನ್ನೂ ಕೇಳಿ ಪಡೆಯಿರಿ.

ಕೊರೆತ ಮತ್ತು ಗ್ರೌಟ್

ನೀರಿನ ಬೋರಿಗೂ ಈ ಬೋರಿಗೂ ಗುರಿಯೇ ಬೇರೆ. ಅಲ್ಲಿ ನೀರು ಒಳಗೆ ಬರಲಿ ಎಂದು ಜಾಗ ಬಿಡುತ್ತಾರೆ, ಇಲ್ಲಿ ನೀರಾಗಲಿ ಗಾಳಿಯಾಗಲಿ ಸುಳಿಯದಂತೆ ಕೆಳಗಿಂದ ಮೇಲಿನವರೆಗೆ ಗ್ರೌಟ್ ತುಂಬಿಸಬೇಕು. ನೀರಿನ ಬೋರಿನಲ್ಲಿ ಪಳಗಿದ ತಂಡವೇ ಎಡವುವುದು ಇಲ್ಲಿ. ಮೇಲಿನಿಂದ ಸುರಿದರೆ ನಡುವೆಲ್ಲೋ ಗಂಟು ಕಟ್ಟಿ ಕೆಳಗೆ ಪೊಳ್ಳು ಉಳಿಯುತ್ತದೆ. ಆದ್ದರಿಂದ ಗ್ರೌಟ್ ಕೊಳವೆಯನ್ನು ತಳದವರೆಗೆ ಇಳಿಸಿ, ತುಂಬುತ್ತಾ ತುಂಬುತ್ತಾ ಮೇಲೆತ್ತಬೇಕು.

ಸರಿಯಾಗಿ ತುಂಬಿದರೋ ಇಲ್ಲವೋ ಎಂದು ನೋಡಲು ದೊಡ್ಡ ಉಪಕರಣ ಬೇಡ, ಗುಣಾಕಾರ ಸಾಕು. 150 ಮಿಲಿಮೀಟರ್ ವ್ಯಾಸದ, 100 ಮೀಟರ್ ಆಳದ ಬೋರಿನಲ್ಲಿ 32 ಮಿಲಿಮೀಟರಿನ ಎರಡು ಕೊಳವೆಗಳ ಜಾಗ ಕಳೆದರೆ ಉಳಿಯುವುದು 1.6 ಘನ ಮೀಟರ್. ಒಂದು ಬೋರಿಗೆ 1.1 ಘನ ಮೀಟರಿಗೇ ಬಾಯಿ ತುಂಬಿತು ಎಂದರೆ ಒಳಗೆ ಪೊಳ್ಳಿದೆ. ಎರಡೂವರೆ ಹೋಯಿತು ಎಂದರೆ ಬಂಡೆಯ ಬಿರುಕಿಗೆ ಸೋರಿದೆ. ದಿನದ ಕೊನೆಗೆ ಎಷ್ಟು ಚೀಲ ಒಡೆದರು ಎಂದು ಎಣಿಸುವ ಮನುಷ್ಯನೊಬ್ಬ ಸೈಟಿನಲ್ಲಿದ್ದರೆ ಸಾಕು.

ಬರೀ ಬೆಂಟೊನೈಟ್ ಜೇಡಿಯ ಗ್ರೌಟಿನ ಶಾಖವಾಹಕತೆ ಅದೇ ಮಾನದಲ್ಲಿ 0.7-0.8ರ ಸುಮಾರು. ನಯವಾದ ಸಿಲಿಕಾ ಮರಳು ಬೆರೆಸಿದರೆ 1.5ರಿಂದ 2ಕ್ಕೆ ಏರುತ್ತದೆ. ಒಳ್ಳೆಯ ಬಂಡೆಯಲ್ಲಿ ಕೊರೆದು ಬರೀ ಬೆಂಟೊನೈಟ್ ತುಂಬುವುದೆಂದರೆ ಕೊಳವೆಗೆ ಕಂಬಳಿ ಹೊದಿಸಿದ ಹಾಗೆ. ಆದರೆ ಮರಳು ಹೆಚ್ಚಾದಷ್ಟೂ ಮಿಶ್ರಣ ಮಂದವಾಗಿ ಪಂಪಿಗೆ ಎಳೆಯಲಾಗುವುದಿಲ್ಲ, ಆಗ ಕೆಲಸಗಾರರು ಸುಲಭಕ್ಕೆ ನೀರು ಬೆರೆಸುತ್ತಾರೆ. ನೀರು ಹೆಚ್ಚಾಯಿತೋ, ಮರಳು ತಳಕ್ಕೆ ಕೂತು ಮೇಲೆ ತಿಳಿನೀರು ನಿಲ್ಲುತ್ತದೆ. ಮರುದಿನ ಬೆಳಿಗ್ಗೆ ಬೋರಿನ ಬಾಯಲ್ಲಿ ಇಣುಕಿ ನೋಡಿ. ಗ್ರೌಟ್ ಮೀಟರುಗಟ್ಟಲೆ ಕುಸಿದಿದ್ದರೆ ಮತ್ತೆ ತುಂಬಿಸದೆ ಮುಂದಿನ ಕೆಲಸಕ್ಕೆ ಸಹಿ ಹಾಕಬೇಡಿ.

ಗ್ರೌಟಿನ ಮೇಲೆ ಇಷ್ಟು ಒತ್ತು ಬರೀ ಶಾಖಕ್ಕಾಗಿ ಅಲ್ಲ. ಜರ್ಮನಿಯ ಶ್ಟಾಫೆನ್ ಊರಿನಲ್ಲಿ 2007ರಲ್ಲಿ ಪುರಸಭೆಯ ಕಟ್ಟಡಕ್ಕೆಂದೇ 140 ಮೀಟರಿನ ಏಳು ಬೋರ್ ಕೊರೆದರು. ಕೆಳಗೆ ಅನ್‌ಹೈಡ್ರೈಟ್ ಎಂಬ ನೀರಿಲ್ಲದ ಖನಿಜದ ಪದರವಿತ್ತು. ಬೋರಿನ ಮೂಲಕ ಅಂತರ್ಜಲ ಆ ಪದರಕ್ಕೆ ದಾರಿ ಮಾಡಿಕೊಂಡಿತು. ನೀರು ಕುಡಿದ ಅನ್‌ಹೈಡ್ರೈಟ್ ಜಿಪ್ಸಮ್ ಆಗಿ ಉಬ್ಬುತ್ತದೆ, ಗಾತ್ರ ಸುಮಾರು 60 ಪ್ರತಿಶತ ಹೆಚ್ಚುತ್ತದೆ. ಊರಿನ ನಡುಭಾಗವೇ ಮೇಲೆದ್ದು 250ಕ್ಕೂ ಹೆಚ್ಚು ಮನೆಗಳ ಗೋಡೆ ಬಿರಿದವು. ತಪ್ಪು ಹೀಟ್ ಪಂಪಿನದ್ದಲ್ಲ, ಪದರದಿಂದ ಪದರಕ್ಕೆ ನೀರು ಹರಿಯಲು ಬಿಟ್ಟದ್ದು. ಭೂವಿಜ್ಞಾನಿಯ ವರದಿ ಇಲ್ಲದೆ, ಪ್ರತಿ ಬೋರಿನಲ್ಲೂ ಎಷ್ಟು ಮೀಟರಿಗೆ ಯಾವ ಕಲ್ಲು ಸಿಕ್ಕಿತು ಎಂಬ ದಾಖಲೆ ಇಲ್ಲದೆ ರಿಗ್ ಸೈಟಿನಿಂದ ಹೋಗಬಾರದು.

ಕೊಳವೆ, ಬೆಸುಗೆ, ಗಾಳಿ

ಕೊಳವೆ ಎಸ್‌ಡಿಆರ್ 11 ದರ್ಜೆಯ (ಹೊರವ್ಯಾಸ ಗೋಡೆಯ ದಪ್ಪದ 11 ಪಟ್ಟು) ಎಚ್‌ಡಿಪಿಇ ಪ್ಲಾಸ್ಟಿಕ್, ಸಾಮಾನ್ಯವಾಗಿ 32 ಅಥವಾ 40 ಮಿಲಿಮೀಟರಿನದು. ತಳದ ಯು-ಬೆಂಡ್ ಕಾರ್ಖಾನೆಯಲ್ಲೇ ಬೆಸೆದು ಬಂದಿರಬೇಕು. ಮೇಲಿನ ಜೋಡಣೆಗಳೆಲ್ಲ ಬಿಸಿ ಬೆಸುಗೆ. ನೆಲದಡಿ ಒಂದೇ ಒಂದು ಸ್ಕ್ರೂ ಜೋಡಣೆಯೂ ಇರಕೂಡದು. ಬೆಸುಗೆ ಕೆಡುವುದು ಮೂರು ರೀತಿ: ಕೊಳವೆಯ ತುದಿ ಒದ್ದೆ ಅಥವಾ ಮಣ್ಣು ಹಿಡಿದಿರುವುದು, ಕಾಯಿಸುವ ಫಲಕ ಸಾಕಷ್ಟು ಕಾಯದಿರುವುದು, ಆರುವ ಮುಂಚೆ ಕೈ ಅಲುಗುವುದು. ಪ್ರತಿ ಲೂಪನ್ನೂ ಇಳಿಸುವ ಮುಂಚೆ ಒಮ್ಮೆ, ಗ್ರೌಟಿಗೆ ಮುಂಚೆ ಒಮ್ಮೆ, ಹೆಡರಿಗೆ, ಅಂದರೆ ಬೋರ್‌ಗಳ ಕೊಳವೆಗಳು ಬಂದು ಸೇರುವ ದೊಡ್ಡ ಕೊಳವೆಗೆ, ಜೋಡಿಸಿದ ಮೇಲೆ ಕಂದಕ ಮುಚ್ಚುವ ಮುಂಚೆ ಒಮ್ಮೆ ಒತ್ತಡ ಪರೀಕ್ಷೆ ಮಾಡಿಸಿ. ಎಚ್‌ಡಿಪಿಇ ಒತ್ತಡಕ್ಕೆ ಸ್ವಲ್ಪ ಹಿಗ್ಗುತ್ತದೆ, ಹಾಗಾಗಿ ಮೊದಲು ಮುಳ್ಳು ತುಸು ಇಳಿಯುವುದು ಸಹಜ. ಇಳಿದದ್ದು ನಿಲ್ಲದಿದ್ದರೆ ಮಾತ್ರ ಸೋರಿಕೆ.

86 ಬೋರ್‌ಗಳನ್ನೂ ಒಂದೇ ಹೆಡರಿಗೆ ಕಟ್ಟುವುದು ಮೂರ್ಖತನ. ಎಂಟು-ಹತ್ತು ಬೋರಿನ ಗುಂಪು ಮಾಡಿ, ಪ್ರತಿ ಗುಂಪಿಗೂ ಒಂದು ವಾಲ್ವ್ ಜೋಡಿ ಕೊಟ್ಟು, ವಾಲ್ವ್‌ಗಳನ್ನೆಲ್ಲ ಮನುಷ್ಯ ನಿಲ್ಲುವಂಥ ಚೇಂಬರಿನಲ್ಲೋ ಯಂತ್ರದ ಕೋಣೆಯಲ್ಲೋ ಇಡಬೇಕು. ಯಾವುದೋ ಒಂದು ಬೋರ್ ಸೋರಿದರೆ ಆ ಗುಂಪು ಮುಚ್ಚಿ ಮಿಕ್ಕದ್ದನ್ನು ನಡೆಸಬಹುದು.

ಇನ್ನು ಗಾಳಿ ತೆಗೆಯುವ ಕೆಲಸ. ಇದನ್ನು ಕದಿಯುವಷ್ಟು ಬೇರಾವುದನ್ನೂ ಕದಿಯುವುದಿಲ್ಲ. ನಮ್ಮ ಲೆಕ್ಕದ ಕಟ್ಟಡದಲ್ಲಿ ಟನ್ನಿಗೆ ನಿಮಿಷಕ್ಕೆ 11 ಲೀಟರ್‌ಗಿಂತ ತುಸು ಹೆಚ್ಚು, ಒಟ್ಟು 1,140 ಲೀಟರ್ ಸುತ್ತಿದರೆ ಒಂದೊಂದು ಬೋರಿಗೆ ಸಿಗುವುದು 13 ಲೀಟರ್. 32 ಮಿಲಿಮೀಟರ್ ಕೊಳವೆಯಲ್ಲಿ ಅದರ ವೇಗ ಸೆಕೆಂಡಿಗೆ 0.4 ಮೀಟರ್. ಸಿಕ್ಕಿಕೊಂಡ ಗಾಳಿಯನ್ನು ನೂರು ಮೀಟರ್ ಕೆಳಗೆ ತಳ್ಳಿ ಮೇಲೆ ತರಲು ಬೇಕಾದ್ದು 0.6 ಮೀಟರ್, ಅಂದರೆ ಬೋರಿಗೆ 19 ಲೀಟರ್. ಕಟ್ಟಡದ ಪಂಪು ಎಷ್ಟು ದಿನ ಓಡಿದರೂ ಆ ಗಾಳಿ ಹೊರಗೆ ಬರದು. ಗುಂಪು ಗುಂಪಾಗಿ, ದೊಡ್ಡ ಫ್ಲಶ್ ಪಂಪು ಮತ್ತು ತೆರೆದ ಟ್ಯಾಂಕಿನೊಂದಿಗೆ, ಎರಡೂ ದಿಕ್ಕಿನಲ್ಲಿ, ಟ್ಯಾಂಕಿಗೆ ಮರಳುವ ನೀರಿನಲ್ಲಿ ಗುಳ್ಳೆ ನಿಂತ ಮೇಲೂ ಹದಿನೈದು ನಿಮಿಷ ಓಡಿಸಬೇಕು. ಕೊನೆಗೆ ಒಂದು ಚೆಂದದ ಪರೀಕ್ಷೆ ಇದೆ: ಮರಳುವ ವಾಲ್ವ್ ಮುಚ್ಚಿ, ಟ್ಯಾಂಕಿನ ನೀರಿನ ಮಟ್ಟ ನೋಡಿ. ನೀರು ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಮಟ್ಟ ಗಣನೀಯವಾಗಿ ಇಳಿದರೆ ಒಳಗೆ ಇನ್ನೂ ಗಾಳಿ ಇದೆ ಎಂದೇ ಅರ್ಥ. ಫ್ಲಶ್ ಮಾಡುವಾಗ ಬರುವ ಪ್ಲಾಸ್ಟಿಕ್ ಚೂರು, ಮರಳು, ಕೆಸರು ನೋಡಿದರೆ ಇದನ್ನು ಮಾಡದೆ ಯಂತ್ರಕ್ಕೆ ಜೋಡಿಸುವ ಧೈರ್ಯ ಯಾರಿಗೂ ಬರಬಾರದು.

ಲೂಪಿನ ನೀರು ಸೊನ್ನೆಯ ಹತ್ತಿರ ಇಳಿಯುವ ಚಳಿ ನಾಡುಗಳಲ್ಲಿ ಅದು ಹೆಪ್ಪುಗಟ್ಟದಂತೆ ಪ್ರೊಪಿಲೀನ್ ಗ್ಲೈಕಾಲ್ ಬೆರೆಸುತ್ತಾರೆ. ಇದು ನೀರನ್ನು ಮಂದ ಮಾಡುತ್ತದೆ. 20 ಪ್ರತಿಶತ ಬೆರೆಸಿದ ನೀರು 5 ಡಿಗ್ರಿಯಲ್ಲಿ ಪೂರ್ತಿ ಹರಿವಿದ್ದಾಗ ಕಲಕಿ ಹರಿಯುತ್ತದೆ, ಪಂಪನ್ನು ಅರ್ಧಕ್ಕೆ ಇಳಿಸಿದರೆ ಪದರ ಪದರವಾಗಿ ಜಾರುತ್ತದೆ, ಕೊಳವೆಯ ಗೋಡೆಯಿಂದ ಶಾಖ ಸರಿಯಾಗಿ ದಾಟುವುದಿಲ್ಲ. ಬೇಕಿಲ್ಲದ ಕಡೆ ‘ಇರಲಿ ಬಿಡಿ’ ಎಂದು 30 ಪ್ರತಿಶತ ಹಾಕಿಸಿಕೊಂಡರೆ ನಷ್ಟ ನಿಮ್ಮದೇ.

ನೆಲದ ಜಮಾ-ಖರ್ಚು

ಈ ವ್ಯವಸ್ಥೆಯ ಅತಿ ದೊಡ್ಡ ದೋಷ ಕೊನೆಗೆ ಕಾಣಿಸಿಕೊಳ್ಳುವುದು, ಮತ್ತು ಅದು ದೊಡ್ಡ ಕಟ್ಟಡಗಳದೇ ಪಾಡು. ಮನೆಯ ನಾಲ್ಕು ಬೋರ್‌ಗಳ ಸುತ್ತ ವಿಶಾಲ ನೆಲವಿರುತ್ತದೆ. ನೂರು ಬೋರಿನ ಗುಂಪಿನಲ್ಲಿ ನಡುವಿನ ಬೋರಿಗೆ ಸುತ್ತಲೂ ಬೋರ್‌ಗಳೇ, ಶಾಖ ಪಕ್ಕಕ್ಕೆ ಹರಿದು ಹೋಗಲು ದಾರಿ ಇಲ್ಲ. ವರ್ಷದಲ್ಲಿ ನೂರು ಪಾಲು ತಂಪು ಮಾಡಿದರೆ ನೆಲಕ್ಕೆ ಇಳಿಯುವುದು 122 ಪಾಲು ಶಾಖ. ನೂರು ಪಾಲು ಬಿಸಿ ಕೊಟ್ಟರೆ ನೆಲದಿಂದ ಎತ್ತುವುದು 75 ಪಾಲು, ಉಳಿದದ್ದು ಕಂಪ್ರೆಸರಿನದು. ಅಂದರೆ ಕಟ್ಟಡಕ್ಕೆ ಬಿಸಿ-ತಂಪು ಸರಿಸಮ ಬೇಕಿದ್ದರೂ ನೆಲದ ಖಾತೆ ಸರಿಹೋಗುವುದಿಲ್ಲ. ಕಂಪ್ಯೂಟರ್, ದೀಪ, ಜನ ತುಂಬಿದ ಕಚೇರಿಯಲ್ಲಂತೂ ತಂಪೇ ಮೇಲುಗೈ. ನ್ಯೂಜೆರ್ಸಿಯ ಸ್ಟಾಕ್‌ಟನ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದ ಮೊದಲಿಗೆ 425 ಅಡಿಯ 400 ಬೋರ್ ಹಾಕಿದರು. ಎತ್ತಿದ್ದಕ್ಕಿಂತ ಇಳಿಸಿದ ಶಾಖವೇ ಹೆಚ್ಚಾಗಿ, ವರ್ಷಗಳು ಉರುಳಿದಂತೆ ನೆಲ ಬಿಸಿಯಾಗುತ್ತಾ ಬಂದದ್ದು ಅಲ್ಲಿನ ಅಳತೆಗಳಲ್ಲಿ ಕಂಡಿತು.

ಲೂಪಿನಿಂದ ಯಂತ್ರಕ್ಕೆ ಬರುವ ನೀರು ಒಂದು ಡಿಗ್ರಿ ಏರಿದರೆ ತಂಪಿಗೆ ತಗಲುವ ವಿದ್ಯುತ್ 2ರಿಂದ 3 ಪ್ರತಿಶತ ಹೆಚ್ಚುತ್ತದೆ. ಐದನೇ ವರ್ಷ ಬಿಲ್ಲು ಏರಿತು ಎಂದು ಒಳ್ಳೆಯ ಯಂತ್ರ ಕಿತ್ತು ಹೊಸದು ಹಾಕಿಸುವವರಿದ್ದಾರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಕಾದಿರುವುದು ನೆಲ. ಮದ್ದು ಎಂದರೆ ಲೂಪಿಗೆ ಒಂದು ಕೂಲಿಂಗ್ ಟವರ್ ಅಥವಾ ಡ್ರೈ ಕೂಲರ್ ಜೋಡಿಸಿ ತಂಪಾದ ರಾತ್ರಿಗಳಲ್ಲಿ ನೆಲದ ಶಾಖವನ್ನು ಗಾಳಿಗೆ ಬಿಡುವುದು. ಇದನ್ನು ಮೊದಲೇ ವಿನ್ಯಾಸದಲ್ಲಿ ಇಟ್ಟರೆ ಬೋರ್‌ಗಳ ಸಂಖ್ಯೆಯೂ ಗಣನೀಯವಾಗಿ ಇಳಿಯುತ್ತದೆ, ಏಕೆಂದರೆ ಅತಿ ಹೆಚ್ಚಿನ ಹೊರೆ ಇರುವುದು ವರ್ಷದಲ್ಲಿ ಕೆಲವೇ ಗಂಟೆ. ಪೂರ್ತಿ ಭೂಉಷ್ಣವೇ ಬೇಕೆಂಬ ಹಟಕ್ಕಿಂತ ಈ ಬೆರಕೆ ವ್ಯವಸ್ಥೆಗೆ ನಮ್ಮ ಓಟು. ವಿನ್ಯಾಸಕಾರರಿಂದ 20 ವರ್ಷದ, ತಿಂಗಳು ತಿಂಗಳಿನ ನೆಲದ ಉಷ್ಣತೆಯ ಲೆಕ್ಕ ಕೇಳಿ. ಒಂದೇ ವರ್ಷದ ಲೆಕ್ಕ ಕೊಟ್ಟರೆ ಅವರು ಈ ಪ್ರಶ್ನೆಯನ್ನೇ ಕೇಳಿಕೊಂಡಿಲ್ಲ.

ಇದೇ ಕಾರಣಕ್ಕೆ ವರ್ಷವಿಡೀ ತಂಪು ಮಾತ್ರ ಬೇಕಾದ, ನೆಲವೇ 27-28 ಡಿಗ್ರಿ ಇರುವ ಉಷ್ಣವಲಯದ ಕಟ್ಟಡಕ್ಕೆ ಈ ವ್ಯವಸ್ಥೆಯನ್ನು ನಾವು ಸುಲಭಕ್ಕೆ ಶಿಫಾರಸು ಮಾಡುವುದಿಲ್ಲ. ಅಲ್ಲಿ ಹೋಲಿಸಬೇಕಾದ್ದು ಹಳೇ ಎಸಿಗೆ ಅಲ್ಲ, ಕೂಲಿಂಗ್ ಟವರ್ ಇರುವ ಒಳ್ಳೆಯ ಚಿಲ್ಲರಿಗೆ. ನೀರಿನ ಅಭಾವ ತೀವ್ರವಾಗಿದ್ದರೆ, ಇಲ್ಲವೇ ಬಿಸಿನೀರಿನ ಬಳಕೆ ದೊಡ್ಡದಿದ್ದರೆ ಮಾತು ಬೇರೆ. ಆಸ್ಪತ್ರೆ, ಹಾಸ್ಟೆಲ್‌ಗಳಲ್ಲಿ ಕೋಣೆಯಿಂದ ತೆಗೆದ ಶಾಖ ನೆಲಕ್ಕೆ ಹೋಗುವ ಬದಲು ಸ್ನಾನದ ನೀರಿಗೆ ಹೋಗುತ್ತದೆ, ಒಂದೇ ವಿದ್ಯುತ್ತಿಗೆ ಎರಡು ಕೆಲಸ.

ಯಂತ್ರದ ಕೋಣೆಯಲ್ಲಿ

ಕ್ಯಾಟಲಾಗಿನ ದಕ್ಷತೆಯ ಅಂಕಿ ಸುಳ್ಳಲ್ಲ, ಆದರೆ ಅರ್ಧ ಸತ್ಯ. ಇಂಥ ಯಂತ್ರಗಳ ಅಳತೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 13256ರ 1998ರ ಆವೃತ್ತಿಯಲ್ಲಿ ನೆಲದ ಲೂಪಿನ ಯಂತ್ರವನ್ನು ತಂಪಿಗೆ 25 ಡಿಗ್ರಿ, ಬಿಸಿಗೆ 0 ಡಿಗ್ರಿ ನೀರಿನಲ್ಲಿ ಅಳೆಯುತ್ತಾರೆ. ನಿಮ್ಮ ಲೂಪ್ ಬೇಸಿಗೆಯ ಕೊನೆಗೆ 34 ಡಿಗ್ರಿ ಕೊಟ್ಟರೆ ಆ ಅಂಕಿ ನಿಮ್ಮದಲ್ಲ. ಜೊತೆಗೆ ಆ ಅಳತೆಯಲ್ಲಿ ಯಂತ್ರದೊಳಗೆ ನೀರು ತಳ್ಳುವ ಶಕ್ತಿ ಮಾತ್ರ ಸೇರಿದೆ, ಬೋರ್‌ಗಳ ಮೂಲಕ ತಳ್ಳುವುದು ಸೇರಿಲ್ಲ. ಒಳ್ಳೆಯ ಯಂತ್ರವನ್ನು ಕೆಟ್ಟ ಪಂಪು ನುಂಗಿಹಾಕುವುದು ಇಲ್ಲೇ. 100 ಟನ್ನಿಗೆ 5 ಎಚ್‌ಪಿ ಒಳಗಿನ ಪಂಪು ಅತ್ಯುತ್ತಮ, ಏಳೂವರೆವರೆಗೆ ಒಳ್ಳೆಯದು, 15 ದಾಟಿದರೆ ವಿನ್ಯಾಸ ಕೆಟ್ಟಿದೆ. ರಾತ್ರಿ ಎರಡು ಯಂತ್ರ ಓಡುತ್ತಿರುವಾಗಲೂ ಪಂಪು ಪೂರ್ತಿ ವೇಗದಲ್ಲಿ ಮೊರೆಯುತ್ತಿದ್ದರೆ, ಯಂತ್ರ ನಿಂತಾಗ ನೀರು ತಡೆಯಬೇಕಾದ ದ್ವಿಮುಖ ವಾಲ್ವ್‌ಗಳು ತೆರೆದೇ ಉಳಿದಿವೆ ಅಥವಾ ಒತ್ತಡದ ಸೆನ್ಸರನ್ನು ಪಂಪಿನ ಪಕ್ಕದಲ್ಲೇ ಕೂರಿಸಿದ್ದಾರೆ. ಅದು ಇರಬೇಕಾದ್ದು ಕೊನೆಯ ಯಂತ್ರದ ಹತ್ತಿರ.

ಬಳಕೆಯ ಅನುಭವಕ್ಕೆ ಒಳ್ಳೆಯ ಅಂಕ. ಮಾಳಿಗೆ ಮೇಲೆ ಫ್ಯಾನಿನ ಸದ್ದಿಲ್ಲ, ಬಾಯ್ಲರ್ ಇಲ್ಲ, ಚಳಿಗಾಲದಲ್ಲಿ ಕಟ್ಟಡದ ಒಡಲಿನ ಬಿಸಿ ಕೋಣೆಗಳ ಶಾಖ ಅದೇ ಲೂಪಿನಲ್ಲಿ ಕಿಟಕಿ ಬದಿಯ ಕೋಣೆಗಳಿಗೆ ಸಾಗುತ್ತದೆ. ಕೊರತೆ ಎಂದರೆ, ಚಿಕ್ಕ ಯಂತ್ರಗಳನ್ನು ತರಗತಿಯ ಸೀಲಿಂಗಿನೊಳಗೆ ತುರುಕುವ ಚಾಳಿ. ಕಂಪ್ರೆಸರಿನ ಗುಂಯ್ ಸದ್ದು ಪಾಠಕ್ಕೆ ಅಡ್ಡಿ, ಫಿಲ್ಟರ್ ಬದಲಿಸಲು ಏಣಿ ಬೇಕು, ಆದ್ದರಿಂದ ಯಾರೂ ಬದಲಿಸುವುದಿಲ್ಲ. ಕಾರಿಡಾರಿನ ಬದಿಯ ಪುಟ್ಟ ಕೋಣೆಯಲ್ಲಿ ನಿಲ್ಲಿಸಿದರೆ ಎರಡೂ ತಪ್ಪುತ್ತದೆ. ಹೊಸ ಯಂತ್ರಗಳಲ್ಲಿ ಆರ್-410ಎ ಶೀತಕದ ಬದಲು ಆರ್-454ಬಿ, ಆರ್-32 ಬರುತ್ತಿವೆ. ಇವು ಸ್ವಲ್ಪ ಮಟ್ಟಿಗೆ ಉರಿಯುವಂಥವು, ಇಂಥ ಪುಟ್ಟ ಕೋಣೆಗೆ ಸೋರಿಕೆ ಸೆನ್ಸರ್ ಬೇಕೇ ಎಂದು ಮೊದಲೇ ವಿಚಾರಿಸಿ.

ನಿರ್ವಹಣೆಗೆ ಥರ್ಮಾಮೀಟರ್ ಮತ್ತು ಒತ್ತಡದ ಗೇಜ್ ಎರಡೇ ಬಹುಪಾಲು ಸಾಕು. ಯಂತ್ರಕ್ಕೆ ನೀರು ಬರುವ, ಹೋಗುವ ಎರಡೂ ಬದಿಗೆ ಗೇಜ್ ಚುಚ್ಚುವ ರಂಧ್ರ ಇರಲೇಬೇಕು. ತಂಪಿನ ಹೊತ್ತಿನಲ್ಲಿ ಎರಡರ ನಡುವೆ ಐದು-ಐದೂವರೆ ಡಿಗ್ರಿ ವ್ಯತ್ಯಾಸ ಆರೋಗ್ಯದ ಲಕ್ಷಣ. ಎಂಟು-ಒಂಬತ್ತು ಆದರೆ ನೀರು ಸಾಲದು, ಮೊದಲು ಸ್ಟ್ರೈನರ್ (ಕಸ ಹಿಡಿಯುವ ಜಾಲರಿ) ಬಿಚ್ಚಿ. ಹೊಸ ಕಟ್ಟಡದಲ್ಲಿ ಮೊದಲ ತಿಂಗಳಿನಲ್ಲೇ ಅದು ಕಟ್ಟಿಕೊಳ್ಳುತ್ತದೆ. ಮೂರಕ್ಕೆ ಇಳಿದರೆ ನೀರು ಹೆಚ್ಚು ಹರಿಯುತ್ತಿದೆ, ಇಲ್ಲವೇ ಕಂಪ್ರೆಸರ್ ಸೋತಿದೆ.

ಹಸ್ತಾಂತರದ ದಿನ ಕೊನೆಯ ಬಿಲ್ಲಿಗೆ ಸಹಿ ಹಾಕುವ ಮುಂಚೆ ಕೈಗೆ ಬರಬೇಕಾದ್ದು: ರೆಸ್ಪಾನ್ಸ್ ಟೆಸ್ಟಿನ ದತ್ತಾಂಶ, ಬೋರ್‌ವಾರು ಗ್ರೌಟಿನ ಲೆಕ್ಕ, ಒತ್ತಡ ಪರೀಕ್ಷೆಯ ಹಾಳೆ, ಗುಂಪುವಾರು ಹರಿವಿನ ಅಳತೆ, ಮತ್ತು ಕಟ್ಟಡದ ಮೂಲೆಗಳಿಂದ ಟೇಪ್ ಹಿಡಿದು ಅಳೆದ ಬೋರ್ ಮತ್ತು ಹೆಡರ್‌ಗಳ ನಕ್ಷೆ. ಟೆಂಡರಿನ ನಕ್ಷೆಯಲ್ಲ, ನೆಲದಲ್ಲಿ ನಿಜವಾಗಿ ಎಲ್ಲಿ ಕೊರೆದರೋ ಅದರ ನಕ್ಷೆ. ಪ್ಲಾಸ್ಟಿಕ್ ಕೊಳವೆಯನ್ನು ಲೋಹ ಶೋಧಕ ಹುಡುಕದು, ಆದ್ದರಿಂದ ಹೆಡರಿನ ಉದ್ದಕ್ಕೂ ತಾಮ್ರದ ತಂತಿ, ಅದರ ಮೇಲೆ ಒಂದಡಿ ಬಿಟ್ಟು ಎಚ್ಚರಿಕೆಯ ಪಟ್ಟಿ ಹಾಸಿಸಿ, ಕಂದಕ ಮುಚ್ಚುವ ಮುಂಚೆ ಫೋಟೊ ತೆಗೆಸಿ. ಪಾರ್ಕಿಂಗಿಗೆ ಹೊಸ ದೀಪದ ಕಂಬ ನೆಡಲು ಜೆಸಿಬಿ ತರುವವರಿಗೆ ಆ ಫೈಲ್ ಎಲ್ಲಿದೆ ಎಂದು ಗೊತ್ತಿರಲಿ.